ಪಿಎಮ್‌ಟೈಲ್ಸ್: ಟೈಲ್ ಸರ್ವರ್ ಇಲ್ಲದೆ ವೆಬ್ ಮ್ಯಾಪ್, ಬಹುಕಾಲ ಬಳಸಿದ ಮೇಲೆ

ದೊಡ್ಡ ಡೇಟಾವನ್ನು ವೆಬ್ ಮ್ಯಾಪ್‌ನಲ್ಲಿ ತೋರಿಸಬೇಕು, ಆದರೆ ಅದಕ್ಕೆಂದೇ ಒಂದು ಸರ್ವರ್ ಸಾಕುವುದು ಕಷ್ಟ. ಇಂಥ ಪರಿಸ್ಥಿತಿಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲವು ವರ್ಷಗಳಿಂದ ನನ್ನ ಹೆಚ್ಚಿನ ಮ್ಯಾಪ್‌ಗಳು ಪಿಎಮ್‌ಟೈಲ್ಸ್ (ಮ್ಯಾಪ್‌ನ ಚೌಕ ತುಂಡುಗಳನ್ನು, ಅಂದರೆ ಟೈಲ್‌ಗಳನ್ನು, ಒಂದೇ ಫೈಲ್‌ನಲ್ಲಿ ಇಡುವ ಫಾರ್ಮ್ಯಾಟ್) ಮೇಲೆ ನಡೆಯುತ್ತಿವೆ.

ಅದಕ್ಕೂ ಮೊದಲು ಎಲ್ಲರ ಹಾಗೆ, ಬಿಂದು, ಗೆರೆ, ಆಕಾರಗಳನ್ನು ಬರೆದಿಡುವ ಜಿಯೋಜೇಸನ್ ಬಳಸುತ್ತಿದ್ದೆ. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಬರೀ ಪಠ್ಯ, ಯಾವ ಎಡಿಟರ್‌ನಲ್ಲಾದರೂ ತೆರೆದು ನೋಡಬಹುದು. 2016ರಲ್ಲಿ ಅದರ ಮಾನಕ, ಆರ್‌ಎಫ್‌ಸಿ 7946, ಬಂದ ಮೇಲೆ ನಿಯಮವೂ ಸ್ಪಷ್ಟವಾಯಿತು: ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ವೆಬ್ ಮ್ಯಾಪ್ ಲೈಬ್ರರಿಯಾದ ಲೀಫ್‌ಲೆಟ್‌ನಲ್ಲಿ ಕೈಯಿಂದ ಮಾರ್ಕರ್ ಹಾಕುವಾಗ ಮಾತ್ರ ಇದು ಉಲ್ಟಾ, ಅಲ್ಲಿ ಅಕ್ಷಾಂಶ ಮೊದಲು. ಇನ್ನೊಂದು ಮಾತು, ದಶಮಾಂಶದ ನಂತರ 6 ಅಂಕಿ ಧಾರಾಳ ಸಾಕು. ಅಷ್ಟರಲ್ಲೇ ಸುಮಾರು 10 ಸೆಂಟಿಮೀಟರ್ ನಿಖರತೆ ಸಿಗುತ್ತದೆ. 15 ಅಂಕಿ ಇಟ್ಟುಕೊಂಡರೆ ಫೈಲ್ ಸುಮ್ನೆ ಊದಿಕೊಳ್ಳುತ್ತದೆ.

ತೊಂದರೆ ಇರುವುದು ಗಾತ್ರದಲ್ಲಿ. ನೋಡುವವರು ಒಂದು ಮೂಲೆಯನ್ನಷ್ಟೇ ನೋಡಿದರೂ ಇಡೀ ಜಿಯೋಜೇಸನ್ ಇಳಿಯಬೇಕು. ಹತ್ತಾರು ಎಂಬಿ ಆದರೆ ಫೋನಿನ ಬ್ರೌಸರ್ ಉಸಿರುಗಟ್ಟಿ ನಿಲ್ಲುತ್ತದೆ. ಮ್ಯಾಪ್‌ಶೇಪರ್ ಎನ್ನುವ ಟೂಲ್‌ನಲ್ಲಿ ಗೆರೆಗಳನ್ನು ಸರಳಗೊಳಿಸಬಹುದು. ಅಕ್ಕಪಕ್ಕದ ಗಡಿಗಳನ್ನು ಒಂದೇ ಸಲ ಬರೆದಿಡುವ ಟೋಪೋಜೇಸನ್‌ಗೆ ಹೋಗಬಹುದು. ಎರಡೂ ಒಳ್ಳೆಯ ಉಪಾಯಗಳೇ, ಆದರೆ ಒಂದು ಮಟ್ಟದವರೆಗೆ ಮಾತ್ರ.

ಪಿಎಮ್‌ಟೈಲ್ಸ್‌ನ ಉಪಾಯವೇ ಬೇರೆ. ಎಲ್ಲ ಟೈಲ್‌ಗಳೂ ಒಂದೇ ಫೈಲ್‌ನಲ್ಲಿ ಇರುತ್ತವೆ. ಫೈಲ್‌ನ ಆರಂಭದಲ್ಲೇ 127 ಬೈಟ್‌ಗಳ ಹೆಡರ್, ಅದರ ಹಿಂದೆಯೇ ಯಾವ ಟೈಲ್ ಎಲ್ಲಿದೆ ಎನ್ನುವ ಪಟ್ಟಿ. ಬ್ರೌಸರ್ ಮೊದಲು ಆ ಪಟ್ಟಿ ಓದುತ್ತದೆ. ಆಮೇಲೆ ಪರದೆಗೆ ಬೇಕಾದ ಟೈಲ್‌ಗಳ ಬೈಟ್‌ಗಳನ್ನಷ್ಟೇ ಎಚ್‌ಟಿಟಿಪಿ ರೇಂಜ್ ರಿಕ್ವೆಸ್ಟ್‌ನಿಂದ ತರಿಸಿಕೊಳ್ಳುತ್ತದೆ. ಸಮುದ್ರದಂತೆ ಒಂದೇ ಥರ ಇರುವ ಟೈಲ್‌ಗಳು ಫೈಲ್‌ನಲ್ಲಿ ಒಂದೇ ಸಲ ಇರುತ್ತವೆ. ಫೈಲ್ ಎಷ್ಟೇ ಜಿಬಿ ಇರಲಿ, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದರೆ ಕಾಣುವುದು ಸಣ್ಣ ಸಣ್ಣ ತುಂಡುಗಳು, ಪ್ರತಿಯೊಂದರ ಮುಂದೆ 206, ಅಂದರೆ ಫೈಲ್‌ನ ಒಂದು ಭಾಗ ಮಾತ್ರ ಬಂತು ಎನ್ನುವ ಸಂಕೇತ. ಅದನ್ನು ನೋಡಿದಾಗ ಇವತ್ತಿಗೂ ಖುಷಿಯಾಗುತ್ತದೆ. ಎಂಬಿಟೈಲ್ಸ್ ಕೂಡ ಒಂದೇ ಫೈಲ್, ಆದರೆ ಅದು ಎಸ್‌ಕ್ಯೂಲೈಟ್ ಡೇಟಾಬೇಸ್. ಸಾಮಾನ್ಯವಾಗಿ ನಡುವೆ ಒಂದು ಸರ್ವರ್ ಪ್ರೋಗ್ರಾಂ ಓಡುತ್ತಲೇ ಇರಬೇಕಾಗುತ್ತದೆ.

206ರ ಬದಲು 200 (ಇಡೀ ಫೈಲ್ ಬಂತು ಎನ್ನುವ ಸಂಕೇತ) ಕಂಡರೆ ಹೋಸ್ಟಿಂಗ್ ರೇಂಜ್ ಬೆಂಬಲಿಸುತ್ತಿಲ್ಲ ಎಂದೇ ಅರ್ಥ. ನಾನು ಹಿಂದೆ ಬಳಸುತ್ತಿದ್ದ ಒಂದು ಹೋಸ್ಟಿಂಗ್‌ನಲ್ಲಿ ಹೀಗೇ ಆಗಿ, ಬೇರೆ ಕಡೆಗೆ ಹೋಗಬೇಕಾಯಿತು. ಪೈಥಾನ್ ಜೊತೆ ಬರುವ ಸರಳ ಎಚ್‌ಟಿಟಿಪಿ ಸರ್ವರ್‌ಗೂ ರೇಂಜ್ ಗೊತ್ತಿಲ್ಲ, ಹಾಗಾಗಿ ಲೋಕಲ್‌ನಲ್ಲಿ ಪರೀಕ್ಷಿಸಲು ಅದು ಬೇಡ. ಬೇರೆ ಡೊಮೇನ್‌ನಿಂದ ಕೊಡುವುದಾದರೆ ಕಾರ್ಸ್ (ಬೇರೆ ಡೊಮೇನ್‌ನ ಪುಟಕ್ಕೂ ಫೈಲ್ ಓದಲು ಬಿಡುವ ಅನುಮತಿ) ಕೂಡ ತೆರೆದಿರಲಿ.

ಫೈಲ್ ತಯಾರಿಸಲು ನಾನು ನಂಬಿರುವುದು ಟಿಪ್ಪೆಕನೂ. ಜಿಯೋಜೇಸನ್ ಕೊಟ್ಟರೆ ನೇರವಾಗಿ ಪಿಎಮ್‌ಟೈಲ್ಸ್ ಬರುತ್ತದೆ. ಆದರೆ ಅದರ ಡೀಫಾಲ್ಟ್‌ಗಳನ್ನು ತಿಳಿದುಕೊಳ್ಳದೆ ಬಳಸಬೇಡಿ. ಝೂಮ್ ಕಡಿಮೆಯಾದಂತೆ ಅದು ಬಿಂದುಗಳನ್ನು ತಾನೇ ಕೈಬಿಡುತ್ತಾ ಹೋಗುತ್ತದೆ, ಪ್ರತಿ ಹಂತಕ್ಕೆ 2.5 ಪಟ್ಟು. ನೋಡುವವರು "ಇಲ್ಲಿದ್ದ ಚುಕ್ಕಿ ಎಲ್ಲಿ ಹೋಯ್ತು?" ಎಂದು ಕೇಳುತ್ತಾರೆ, ಕೇಳುವುದು ಸಹಜ ಕೂಡ. ಬಿಂದುಗಳು ಕಡಿಮೆ ಇದ್ದರೆ ಆ ದರವನ್ನು 1ಕ್ಕೆ ಇಡಿ, ಎಲ್ಲವೂ ಉಳಿಯುತ್ತವೆ. ತುಂಬಾ ಇದ್ದರೆ, ದಟ್ಟವಾಗಿರುವ ಕಡೆ ಮಾತ್ರ ಬಿಡು ಎನ್ನುವ ಆಪ್ಷನ್ ಇದೆ. ಅದಿಲ್ಲದೆ ಒಂದು ಟೈಲ್ 500 ಕೆಬಿ ದಾಟಿದರೆ ಕೆಲಸ ಅಲ್ಲಿಗೇ ನಿಲ್ಲಬಹುದು.

ಬ್ರೌಸರ್‌ನಲ್ಲಿ ಮ್ಯಾಪ್ ತೋರಿಸಲು ಮ್ಯಾಪ್‌ಲಿಬ್ರೆ ಎನ್ನುವ ಲೈಬ್ರರಿ. ಪಿಎಮ್‌ಟೈಲ್ಸ್ ಪ್ರೋಟೋಕಾಲ್ ಸೇರಿಸಲು ಒಂದೆರಡು ಸಾಲು ಕೋಡ್ ಸಾಕು. ಇಲ್ಲಿ ಹೊಸಬರಿಗೆ ಒಂದು ವಿಷಯ ಗೊಂದಲ ಮಾಡುತ್ತದೆ. ಟೈಲ್ ಅಂಚಿನಲ್ಲಿ ಪಾಲಿಗಾನ್ (ಮುಚ್ಚಿದ ಆಕಾರ) ಕತ್ತರಿಸಿರುತ್ತದೆ. ಒಂದು ಕೆರೆಯ ಮೇಲೆ ಕ್ಲಿಕ್ ಮಾಡಿದರೆ ಸಿಗುವುದು ಆ ಟೈಲ್‌ನಲ್ಲಿರುವ ತುಂಡು. ಅದನ್ನಿಟ್ಟುಕೊಂಡು ವಿಸ್ತೀರ್ಣ ಲೆಕ್ಕ ಹಾಕಿದರೆ ತಪ್ಪು ಉತ್ತರ ಬರುತ್ತದೆ. ವಿಸ್ತೀರ್ಣವನ್ನು ಮೊದಲೇ ಲೆಕ್ಕ ಮಾಡಿ ಗುಣಲಕ್ಷಣವಾಗಿ ಸೇರಿಸಿಡಿ. ಪ್ರತಿ ಆಕಾರಕ್ಕೂ ಒಂದು ಐಡಿ ಕೊಟ್ಟರೆ, ಎಲ್ಲ ತುಂಡುಗಳನ್ನೂ ಒಟ್ಟಿಗೆ ಹೈಲೈಟ್ ಮಾಡಬಹುದು.

ದೊಡ್ಡ ಕೊರತೆ ಅಂದರೆ ಇದು ಓದುವುದಕ್ಕಷ್ಟೇ ಇರುವ ಫೈಲ್. ಒಂದು ಬಿಂದು ಬದಲಾದರೂ ಮತ್ತೆ ಫೈಲ್ ಕಟ್ಟಿ ಪೂರ್ತಿ ಅಪ್‌ಲೋಡ್ ಮಾಡಬೇಕು. ಗಂಟೆಗೊಮ್ಮೆ ಬದಲಾಗುವ ದೊಡ್ಡ ಡೇಟಾ ಇದ್ದರೆ ಇದು ನಿಮಗಲ್ಲ. ನಾನು ಅಪರೂಪಕ್ಕೆ ಬದಲಾಗುವ ಪದರಗಳನ್ನು ಇದರಲ್ಲಿ ಇಟ್ಟು, ದಿನವೂ ಬದಲಾಗುವ ಕೆಲವು ನೂರು ಬಿಂದುಗಳನ್ನು ಮೇಲೆ ಜಿಯೋಜೇಸನ್ ಆಗಿ ಹಾಕುತ್ತೇನೆ. ಈ ಜೋಡಿ ತುಂಬಾ ಚೆನ್ನಾಗಿ ನಡೆಯುತ್ತಿದೆ.

ಮೂಲ ಡೇಟಾ ಮಾತ್ರ ಜಿಯೋಪ್ಯಾಕೇಜ್ ಎನ್ನುವ ಡೇಟಾ ಫೈಲ್‌ನಲ್ಲಿ ಬೇರೆಯಾಗಿಯೇ ಇರಲಿ. ಏಕೆಂದರೆ ವೆಕ್ಟರ್ ಟೈಲ್ (ಚಿತ್ರದ ಬದಲು ಬಿಂದು, ಗೆರೆ, ಆಕಾರಗಳೇ ಇರುವ ಟೈಲ್) ಸ್ಥಾನಗಳನ್ನು ಚೌಕಳಿ ಮನೆಗಳಿಗೆ ಹೊಂದಿಸಿಡುತ್ತದೆ, ಒಂದು ಬದಿಗೆ ಸಾಮಾನ್ಯವಾಗಿ 4096 ಮನೆಗಳು. ಝೂಮ್ 14ರಲ್ಲಿ, ಭೂಮಧ್ಯರೇಖೆಯ ಹತ್ತಿರ, ಒಂದೊಂದು ಮನೆ ಸುಮಾರು 60 ಸೆಂಟಿಮೀಟರ್. ನೋಡಲು ಅಷ್ಟು ಜಾಸ್ತಿಯೇ ಆಯಿತು, ಸರ್ವೆ ಕೆಲಸಕ್ಕೆ ಸಾಲದು.

ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು, ಒಂದು ಪದರವನ್ನು ಮಾತ್ರ ಬದಲಿಸುವ ದಾರಿ ಇಲ್ಲದ್ದಕ್ಕೆ.