ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್: ಉದ್ದಿಗೆ ಕೊಳ್ಳಿ, ಚಟ್ನಿಗೆ ಬೇಡ

ಉದ್ದು ರುಬ್ಬುವುದಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಮನೆಯ ಅಡುಗೆಕಟ್ಟೆಗೆ ಇನ್ನೂ ಬಂದಿಲ್ಲ. ಉದ್ದು ಬಿಟ್ಟು ಬೇರೆ ಯಾವ ಕೆಲಸಕ್ಕೂ ಇದನ್ನು ಕೊಳ್ಳಬೇಕಾಗಿಲ್ಲ. ವಾರಕ್ಕೊಮ್ಮೆಯಾದರೂ ಇಡ್ಲಿ, ದೋಸೆ, ವಡೆ ಆಗುವ ಮನೆಗೆ ನಾಲ್ಕರಿಂದ ಏಳು ಸಾವಿರ ರೂಪಾಯಿ ಕೊಟ್ಟರೂ ನಷ್ಟವಿಲ್ಲ. ತಿಂಗಳಿಗೊಮ್ಮೆ ದೋಸೆ ಹುಯ್ಯುವ ಮನೆಯಲ್ಲಿ ಇದು ಕಟ್ಟೆಯ ಮೇಲೆ ಹತ್ತು ಕಿಲೋ ತೂಕದ ಅಲಂಕಾರ, ಅಷ್ಟೆ. ಅಲ್ಲಿ ಮಿಕ್ಸಿಯೇ ಸಾಕು.

ಒಳಗಿರುವುದು ಸರಳ. ತಳದಲ್ಲಿ 150 ವ್ಯಾಟ್ ಆಸುಪಾಸಿನ ಸಣ್ಣ ಮೋಟಾರು, ಅದರಿಂದ ಬೆಲ್ಟ್, ಬೆಲ್ಟಿನಿಂದ ದೊಡ್ಡ ಪುಲ್ಲಿ. ಪುಲ್ಲಿಯ ಮೇಲೆ ಕೂರುವ ಸ್ಟೀಲ್ ಡ್ರಮ್ಮಿನ ತಳಕ್ಕೆ ಗ್ರಾನೈಟ್ ಬಿಲ್ಲೆ ಅಂಟಿಸಿರುತ್ತಾರೆ. ಅದರ ಮೇಲೆ ಎರಡು ಗುಂಡುಗಳು. ಅಜ್ಜಿಯ ಒರಳಿನಲ್ಲಿ ಒರಳು ನಿಂತಿತ್ತು, ಗುಂಡು ತಿರುಗುತ್ತಿತ್ತು. ಇಲ್ಲಿ ಡ್ರಮ್ಮು ತಿರುಗುತ್ತದೆ, ಗುಂಡುಗಳು ನಿಂತ ಜಾಗದಲ್ಲೇ ಉರುಳುತ್ತವೆ. ಕೊಯಮತ್ತೂರಿನಲ್ಲಿ 1950ರ ದಶಕದಲ್ಲಿ ಮೋಟಾರು ಜೋಡಿಸಿದ ಗ್ರೈಂಡರುಗಳ ತಯಾರಿಕೆ ಶುರುವಾಯಿತು, ಇಂದಿಗೂ ಈ ಕಸುಬಿನ ತವರು ಅದೇ. ‘ಕೊಯಮತ್ತೂರು ವೆಟ್ ಗ್ರೈಂಡರ್’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುವ ಬಹುಪಾಲು ಗ್ರೈಂಡರುಗಳು ಅಲ್ಲಿಂದಲೇ ಬಂದವು.

ಅಂಗಡಿಯವರು ಮೊದಲು ಕೇಳುವುದು ಗುಂಡಿನ ಆಕಾರ: ಶಂಕುವಿನದೋ, ಉರುಳೆಯದೋ? ದುಂಡನೆ ತಿರುಗುವ ಬಿಲ್ಲೆಯಲ್ಲಿ ಅಂಚು ವೇಗವಾಗಿ ಓಡುತ್ತದೆ, ನಡುಭಾಗ ನಿಧಾನ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇರುವ ಶಂಕುಗುಂಡು ಈ ವ್ಯತ್ಯಾಸಕ್ಕೆ ಹೊಂದಿಕೊಂಡು ಪೂರ್ತಿ ಉರುಳುತ್ತದೆ. ಉರುಳೆಗುಂಡು ಒಂದು ತುದಿಯಲ್ಲಿ ಜಾರಿಕೊಂಡೇ ಓಡಬೇಕು, ಹಾಗಾಗಿ ಅದರ ಬುಷ್, ಅಂದರೆ ಗುಂಡಿನ ತೂತಿನಲ್ಲಿ ದಂಡ ಕೂರುವ ಸಣ್ಣ ಕೊಳವೆ, ಬೇಗ ಸವೆಯುತ್ತದೆ. ಹಿಟ್ಟಿನಲ್ಲಿ ಹೇಳುವಂಥ ಫರಕು ಕಾಣುವುದಿಲ್ಲ. ಆಕಾರಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ್ದು ಮೂರು: ಡ್ರಮ್ಮು ಗುಂಡಿನ ಸಮೇತ ಒಬ್ಬರ ಕೈಯಲ್ಲಿ ಎತ್ತಿ ಬಗ್ಗಿಸುವಂತಿದೆಯೇ, ಡ್ರಮ್ಮಿನ ನಡುವಿನ ಕೊಳವೆ ಎಷ್ಟು ಎತ್ತರವಿದೆ, ಬೆಲ್ಟ್ ಮತ್ತು ಸ್ಕ್ರೇಪರ್ (ಗೋಡೆಗೆ ಅಂಟಿದ ಹಿಟ್ಟನ್ನು ಕೆರೆದು ಕೆಳಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ) ನಿಮ್ಮೂರಿನಲ್ಲೇ ಸಿಗುತ್ತವೆಯೇ. ಮೂರನೆಯ ಪ್ರಶ್ನೆಗೆ ಅಂಗಡಿಯವರು ತಡವರಿಸಿದರೆ ಎಷ್ಟೇ ಚಂದದ ಬಣ್ಣವಿದ್ದರೂ ಬೇರೆ ಮಾಡೆಲ್ ನೋಡಿ.

ಇನ್ನು ಉದ್ದಿನ ವಿಷಯ. ಉದ್ದಿನಬೇಳೆಯಲ್ಲಿ ಪ್ರೋಟೀನಿನ ಜೊತೆಗೆ ಲೋಳೆಯ ಅಂಶವೂ ಇದೆ. ಕಲ್ಲು ಬೇಳೆಯನ್ನು ಕತ್ತರಿಸುವುದಿಲ್ಲ, ಅರೆದು ಎಳೆಯುತ್ತದೆ, ಮಗುಚಿ ಮತ್ತೆ ಅರೆಯುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಗಾಳಿ ಒಳಸೇರುತ್ತದೆ, ಆ ಗಾಳಿಯನ್ನು ಲೋಳೆ ಹಿಡಿದಿಟ್ಟುಕೊಳ್ಳುತ್ತದೆ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತಿನ ಲೆಕ್ಕದಲ್ಲಿ ತಿರುಗಿ ಬೇಳೆಯನ್ನು ಚೂರು ಮಾಡುತ್ತದೆ, ಹಿಟ್ಟನ್ನು ಬಿಸಿಯೂ ಮಾಡುತ್ತದೆ. ಒಂದೇ ಅಳತೆಯ ಬೇಳೆಯಿಂದ ಗ್ರೈಂಡರಿನಲ್ಲಿ ಹೆಚ್ಚು ಹಿಟ್ಟು ಸಿಗುವುದು ಇದಕ್ಕೇ. ಕರೆಂಟಿನ ಲೆಕ್ಕವೂ ಹಾಕಿ ನೋಡಿ: 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ಓಡಿದರೆ 0.075 ಯೂನಿಟ್, 750 ವ್ಯಾಟಿನ ಮಿಕ್ಸಿ ಐದು ನಿಮಿಷ ಓಡಿದರೆ 0.0625 ಯೂನಿಟ್. ಬಿಲ್ಲಿನ ಮೇಲೆ ಕಾಣುವ ವ್ಯತ್ಯಾಸವೇ ಅಲ್ಲ.

ಡಬ್ಬದ ಮೇಲೆ ಎರಡು ಲೀಟರ್ ಎಂದಿದ್ದರೆ ಎರಡು ಲೀಟರ್ ಹಿಟ್ಟು ಎಂದುಕೊಳ್ಳಬೇಡಿ. ಒಂದು ಸಲಕ್ಕೆ ಒಣ ಉದ್ದು 250 ಗ್ರಾಂ ಹದವಾದ ಅಳತೆ, ಗರಿಷ್ಠ 300. ಅದಕ್ಕಿಂತ ಹೆಚ್ಚು ಹಾಕಿದರೆ ಉಬ್ಬಿದ ಹಿಟ್ಟು ನಡುವಿನ ಕೊಳವೆಯ ಬಾಯಿಗೆ ಬರುತ್ತದೆ, ಕೊಳವೆಯೊಳಗೆ ಇಳಿದು ಬೇರಿಂಗಿಗೆ ಸೇರುತ್ತದೆ. ಅಲ್ಲಿ ಒಣಗಿ ಸಿಮೆಂಟಿನಂತೆ ಕೂರುತ್ತದೆ. ‘ಗ್ರೈಂಡರ್ ಕಿರ್ ಅನ್ನುತ್ತೆ’ ಎಂಬ ದೂರುಗಳ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ. ಹಾಗೆಯೇ ನೂರು ಗ್ರಾಂಗಿಂತ ಕಡಿಮೆ ಬೇಳೆ ಹಾಕಿದರೆ ಗುಂಡಿಗೆ ಏನೂ ಸಿಗುವುದಿಲ್ಲ. ಹಿಟ್ಟು ಗೋಡೆಗೆ ಮೆತ್ತಿಕೊಂಡು ಕಲ್ಲಿಗೆ ಕಲ್ಲೇ ಉಜ್ಜುತ್ತದೆ.

ಇಡ್ಲಿಗೆ ಕ್ರಮ ಹೀಗೆ. ಹೊಸ ಬೆಳೆಯ ಇಡೀ ಗುಂಡು ಉದ್ದು ತೆಗೆದುಕೊಳ್ಳಿ. ವರ್ಷ ಹಳೆಯದಾದ ಬೇಳೆ ಯಾವ ಯಂತ್ರದಲ್ಲೂ ಉಬ್ಬುವುದಿಲ್ಲ, ಗ್ರೈಂಡರನ್ನು ಬೈದು ಪ್ರಯೋಜನವಿಲ್ಲ. ನಾಲ್ಕು ಗಂಟೆ ನೆನೆಸಿ, ಬೇಸಿಗೆಯಾದರೆ ನೆನೆಸಿದ ಪಾತ್ರೆಯನ್ನು ಕೊನೆಯ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಡ್ರಮ್ಮಿಗೆ ಎರಡು ಚಮಚ ನೀರು ಹಾಕಿ, ಯಂತ್ರ ಓಡಲು ಬಿಟ್ಟು, ನಂತರ ಬೇಳೆಯನ್ನು ಹಿಡಿ ಹಿಡಿಯಾಗಿ ಸುರಿಯಿರಿ. ಬೇಳೆ ತುಂಬಿ ಆಮೇಲೆ ಸ್ವಿಚ್ ಒತ್ತುವುದು ಬೆಲ್ಟಿಗೆ ಕೊಡುವ ದೊಡ್ಡ ಶಿಕ್ಷೆ. 250 ಗ್ರಾಂ ಬೇಳೆಗೆ ಒಟ್ಟು 400ರಿಂದ 450 ಮಿಲಿ ತಣ್ಣೀರು ಬೇಕಾಗುತ್ತದೆ, ಆದರೆ ಒಮ್ಮೆಲೇ ಅಲ್ಲ. ಮೊದಲ ಹತ್ತು ನಿಮಿಷ ಬಹಳ ಗಟ್ಟಿಯಾಗಿಯೇ ಇರಲಿ, ಬೇಳೆ ಚೂರಾಗುವುದು ಆಗಲೇ. ನೀರು ಮುಂಚೆಯೇ ಹೆಚ್ಚಾದರೆ ಬೇಳೆ ಗುಂಡಿನ ಕೆಳಗೆ ಸಿಕ್ಕದೆ ತೇಲಾಡುತ್ತದೆ, ಹಿಟ್ಟು ಕೊನೆಯವರೆಗೂ ತೆಳ್ಳಗೆ, ತರಿತರಿಯಾಗಿ ಉಳಿಯುತ್ತದೆ. ಇದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಹತ್ತು ನಿಮಿಷದ ನಂತರ ಎರಡು ಮೂರು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ನೀರು ಬಿಡಿ. ಇಪ್ಪತ್ತೈದರಿಂದ ಮೂವತ್ತು ನಿಮಿಷಕ್ಕೆ ಹಿಟ್ಟು ಹತ್ತಿಯಂತಾಗುತ್ತದೆ. ಬಟ್ಟಲು ನೀರಿಗೆ ಒಂದು ತೊಟ್ಟು ಹಾಕಿ, ತೇಲಿದರೆ ಆಯಿತು, ಮುಳುಗಿದರೆ ಇನ್ನೈದು ನಿಮಿಷ. ನಲವತ್ತು ನಿಮಿಷ ದಾಟಿಸಬೇಡಿ, ಹಿಟ್ಟು ಬೆಚ್ಚಗಾಗಿ ಉಬ್ಬು ಇಳಿಯಲು ಶುರುವಾಗುತ್ತದೆ.

ಇಡ್ಲಿ ರವೆಯನ್ನು ಡ್ರಮ್ಮಿಗೆ ಹಾಕಬಾರದು. ಉದ್ದಿನ ಎರಡರಷ್ಟು ರವೆ ತೊಳೆದು, ಅರ್ಧ ಗಂಟೆ ನೆನೆಸಿ, ಹಿಂಡಿ, ಪಾತ್ರೆಯಲ್ಲಿ ಕೈಯಿಂದಲೇ ಉದ್ದಿನ ಹಿಟ್ಟಿಗೆ ಬೆರೆಸಿ. ನಲವತ್ತು ಇಡ್ಲಿಗೆ ಕೊರತೆಯಾಗದು. ಗ್ರೈಂಡರಿನ ಹಿಟ್ಟು ತಣ್ಣಗಿರುವುದರಿಂದ ಹುದುಗು ಬರಲು ಮಿಕ್ಸಿಯದಕ್ಕಿಂತ ಒಂದೆರಡು ಗಂಟೆ ಹೆಚ್ಚು ಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಹನ್ನೆರಡು ಗಂಟೆ ಬಿಟ್ಟರೂ ತಪ್ಪಲ್ಲ, ಏಪ್ರಿಲ್‌ನ ರಾಯಚೂರಿನಲ್ಲಿ ಆರು ಗಂಟೆಗೇ ಪಾತ್ರೆಯ ಬಾಯಿಗೆ ಬಂದು ನಿಂತಿರುತ್ತದೆ.

ದೋಸೆಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ, ಅರ್ಧ ಲೋಟ ಅವಲಕ್ಕಿ, ಬಣ್ಣ ಬೇಕಿದ್ದರೆ ಎರಡು ದೊಡ್ಡ ಚಮಚ ಕಡಲೆಬೇಳೆ. ಮೆಂತ್ಯವನ್ನು ಉದ್ದಿನ ಜೊತೆ ಹಾಕಿ ಮೊದಲು ರುಬ್ಬಿ ತೆಗೆದು, ಆಮೇಲೆ ಅಕ್ಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಉದ್ದಿನ ಲೋಳೆ ಅಕ್ಕಿಯನ್ನು ಕಲ್ಲಿನಿಂದ ಜಾರಿಸಿಬಿಡುತ್ತದೆ. ಅಕ್ಕಿ ನುಣ್ಣಗಾಗಲು ಇಪ್ಪತ್ತು ನಿಮಿಷ, ಮಸಾಲೆ ದೋಸೆ ಗರಿಯಾಗಬೇಕಾದರೆ ಕೈಗೆ ಸಣ್ಣ ರವೆ ಸಿಗುವಾಗಲೇ ನಿಲ್ಲಿಸಿ. ನೀರು ದೋಸೆಗೆ ಈ ಯಂತ್ರ ಅತಿಯಾಯಿತು, ಮಿಕ್ಸಿಯೇ ಚುರುಕು. ವಡೆಗೆ ಗ್ರೈಂಡರ್ ಒಳ್ಳೆಯದೇ, ಆದರೆ 200 ಗ್ರಾಂ ಉದ್ದಿಗೆ ಐದಾರು ದೊಡ್ಡ ಚಮಚದಷ್ಟೇ ನೀರು ಹಾಕುವುದರಿಂದ ಹಿಟ್ಟು ಗುಂಡನ್ನು ಮೇಲೆತ್ತುತ್ತದೆ. ಗುಂಡನ್ನು ಹಿಡಿದಿಡುವ ಲಾಕ್ ಬಿಗಿಯಾಗಿದೆಯೇ ನೋಡಿಕೊಂಡು, ಪಕ್ಕದಲ್ಲೇ ನಿಂತು, ಮರದ ಅಥವಾ ಸಿಲಿಕೋನ್ ಸಟ್ಟುಗದಿಂದ ಗೋಡೆಯ ಹಿಟ್ಟನ್ನು ಒಳಗೆ ತಳ್ಳುತ್ತಿರಬೇಕು. ಕೈ ಹಾಕುವುದಿದ್ದರೆ ಸ್ವಿಚ್ ಆರಿಸಿ. ನಿಧಾನ ತಿರುಗುತ್ತದೆ ಎಂಬ ಸಲಿಗೆಯಲ್ಲೇ ಬೆರಳು ಗುಂಡಿನಡಿ ಸಿಕ್ಕಿಕೊಳ್ಳುವುದು. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಎರಡು ಸಲ ಹೇಳಬೇಕು.

ಚಟ್ನಿ, ಸಾಂಬಾರಿನ ಮಸಾಲೆ? ಬೇಡ. ಒಣಮೆಣಸಿನ ಸಿಪ್ಪೆ ಸಣ್ಣಗಾಗುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ, ಬೆಳ್ಳುಳ್ಳಿಯ ವಾಸನೆ ಬುಷ್‌ಗೆ ಹಿಡಿದು ಮುಂದಿನ ವಾರದ ಇಡ್ಲಿಯಲ್ಲಿ ಹಾಜರಾಗುತ್ತದೆ.

ಜೊತೆಗೆ ಕೊಡುವ ತೆಂಗಿನಕಾಯಿ ತುರಿಯುವ ಸಲಕರಣೆ ಪರವಾಗಿಲ್ಲ. ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಬೇಕು, ಜೋರಾಗಿ ಒತ್ತಿದರೆ ಚಿಪ್ಪಿನ ಕಂದು ಸಿಪ್ಪೆಯೂ ತುರಿಯಲ್ಲಿ ಬೀಳುತ್ತದೆ. ಒಂದೇ ಕಾಯಿಗಾದರೆ ಈಳಿಗೆಮಣೆಯೇ ಬೇಗ, ಹಬ್ಬದ ದಿನ ಐದಾರು ಕಾಯಿಗೆ ಇದು. ಚಪಾತಿ ಹಿಟ್ಟು ಕಲಸುವ ಬ್ಲೇಡಿಗೆ ಹೆಚ್ಚು ದುಡ್ಡು ಕೊಡಬೇಡಿ. ಅರ್ಧ ಕಿಲೋ ಮೀರಿದರೆ ಬೆಲ್ಟ್ ಜಾರುತ್ತದೆ, ಅಷ್ಟು ಹಿಟ್ಟನ್ನು ಕೈಯಲ್ಲೇ ನಾದುವುದು ಸುಲಭ.

ಹೊಸ ಯಂತ್ರದಲ್ಲಿ ಮೊದಲ ಹಿಟ್ಟನ್ನು ತಿನ್ನಬಾರದು. ಕಲ್ಲಿನ ಪುಡಿ ಇರುತ್ತದೆ. ನೆನೆಸಿದ ಅಗ್ಗದ ಅಕ್ಕಿ ಎರಡು ಹಿಡಿ, ಒಂದು ಲೋಟ ನೀರು ಹಾಕಿ ಹದಿನೈದು ನಿಮಿಷ ಓಡಿಸಿ ಚೆಲ್ಲಿ. ಹಿಟ್ಟು ಬೂದುಬಣ್ಣ ಬಿಟ್ಟು ಬೆಳ್ಳಗೆ ಬರುವ ತನಕ, ಅಂದರೆ ಸಾಮಾನ್ಯವಾಗಿ ಎರಡು ಮೂರು ಸಲ, ಹೀಗೆ ಮಾಡಿ.

ರಿಪೇರಿಯಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಆಗುವಂಥದ್ದು. ಮೊದಲು ಕೈಕೊಡುವುದು ಸ್ಕ್ರೇಪರ್. ಅದು ಸವೆದರೆ ಹಿಟ್ಟು ಸುತ್ತ ಮೆತ್ತಿಕೊಂಡೇ ಉಳಿಯುತ್ತದೆ. ಬಿಡಿಭಾಗದ ಅಂಗಡಿಗೆ ಹಳೆಯದನ್ನೇ ಒಯ್ದು ತೋರಿಸಿ ತನ್ನಿ, ಮಾಡೆಲಿನ ಹೆಸರು ಹೇಳಿದರೆ ಸಾಲದು. ಎರಡನೆಯದು ಗುಂಡಿನ ಬುಷ್. ಗುಂಡು ಅದರ ದಂಡದ ಮೇಲೆ ಅಲ್ಲಾಡುತ್ತಿದ್ದರೆ ಬುಷ್ ಮುಗಿಯಿತು. ಬರೀ ಕಿರುಗುಟ್ಟುತ್ತಿದ್ದರೆ ಒಂದು ತೊಟ್ಟು ಕೊಬ್ಬರಿಎಣ್ಣೆ ಸಾಕು, ಹೊಲಿಗೆ ಯಂತ್ರದ ಎಣ್ಣೆ ಖಂಡಿತ ಬೇಡ. ಅದು ಹಿಟ್ಟಿಗೇ ಇಳಿಯುತ್ತದೆ.

ಬೆಲ್ಟ್ ಜಾರಿದರೆ ಮೋಟಾರಿನ ಸದ್ದು ಕೇಳಿಸುತ್ತದೆ, ಡ್ರಮ್ಮು ನಿಂತು ನಿಂತು ತಿರುಗುತ್ತದೆ, ಸುಟ್ಟ ರಬ್ಬರಿನ ವಾಸನೆ, ಕೆಳಗೆ ಕಪ್ಪು ಪುಡಿ. ಪ್ಲಗ್ ಕಿತ್ತು, ಡ್ರಮ್ಮು ತೆಗೆದಿಟ್ಟು, ಯಂತ್ರವನ್ನು ಹಳೆಯ ಟವೆಲಿನ ಮೇಲೆ ಬೋರಲು ಹಾಕಿ ತಳದ ಸ್ಕ್ರೂ ಬಿಚ್ಚಿ. ಮೋಟಾರು ಕೂತ ಬೋಲ್ಟುಗಳನ್ನು ಪೂರ್ತಿ ತೆಗೆಯದೆ ಸಡಿಲಿಸಿದರೆ ಮೋಟಾರು ಪುಲ್ಲಿಯತ್ತ ಸರಿಯುತ್ತದೆ, ಬೆಲ್ಟ್ ಸಲೀಸಾಗಿ ಹೊರಬರುತ್ತದೆ. ಬೆಲ್ಟಿನ ಮೇಲಿರುವ ನಂಬರು ನೋಡಿ ಅದೇ ತನ್ನಿ. ಹೊಸದು ಹಾಕಿ ಮೋಟಾರನ್ನು ಹಿಂದಕ್ಕೆ ಎಳೆದು ಬಿಗಿ ಮಾಡುವಾಗ ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಅರ್ಧ ಸೆಂಟಿಮೀಟರಿನಷ್ಟು ಒಳಗೆ ಹೋಗಬೇಕು. ಕಂಬಿಯಂತೆ ಬಿಗಿದರೆ ಬೆಲ್ಟ್ ಜಾರದು, ಆದರೆ ಮೋಟಾರಿನ ಬೇರಿಂಗ್ ಹಾಳಾಗುತ್ತದೆ, ಅದರ ಖರ್ಚು ಬೆಲ್ಟಿನ ಹತ್ತು ಪಟ್ಟು.

ಸ್ವಿಚ್ ಹಾಕಿದರೆ ಬರೀ ಗುಂಯ್‌ಗುಟ್ಟಿ, ಕೈಯಿಂದ ಡ್ರಮ್ಮು ತಿರುಗಿಸಿಕೊಟ್ಟಾಗ ಮಾತ್ರ ಓಡುತ್ತಿದೆಯೇ? ಹೆಚ್ಚಾಗಿ ಅದು ಮೋಟಾರು ಹೊರಡಲು ನೂಕು ಕೊಡುವ ಕೆಪಾಸಿಟರಿನ ತೊಂದರೆ. ಹಳೆಯದರ ಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್, ವೋಲ್ಟೇಜು ಕಡಿಮೆಯಾಗದಂತೆ ನೋಡಿ ತನ್ನಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು, ಹೋಲ್ಡರಿಗೆ ಹಾಕಿದ ಹಳೆಯ ಬಲ್ಬಿನ ಎರಡು ತಂತಿಯನ್ನು ಅದರ ಎರಡು ತುದಿಗೆ ಮುಟ್ಟಿಸಿ ಖಾಲಿ ಮಾಡಿ, ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ. ವಿದ್ಯುತ್ತಿನ ಕೆಲಸದ ಅಭ್ಯಾಸವಿಲ್ಲದವರು ಇದೊಂದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಹಳ್ಳಿಯಲ್ಲಿ ಸಂಜೆ ವೋಲ್ಟೇಜು ಬಿದ್ದಾಗಲೂ ಇದೇ ಗುಂಯ್ ಸದ್ದು ಬರುತ್ತದೆ, ಕೆಪಾಸಿಟರ್ ಬದಲಿಸುವ ಮೊದಲು ಬೆಳಗ್ಗೆ ಒಮ್ಮೆ ಓಡಿಸಿ ನೋಡಿ. ನಡುವೆ ತಾನಾಗಿಯೇ ನಿಂತರೆ ಮೋಟಾರು ಬಿಸಿಯಾಗಿ ಕಟ್ ಆಗಿದೆ ಎಂದು ತಿಳಿದು ಅರ್ಧ ಗಂಟೆ ಬಿಡಿ.

ವರ್ಷಗಟ್ಟಲೆ ಬಳಸಿದ ಮೇಲೆ ಅದೇ ಉದ್ದು ಮೂವತ್ತರ ಬದಲು ಐವತ್ತು ನಿಮಿಷ ತೆಗೆದುಕೊಂಡರೆ ಕಲ್ಲು ನುಣುಪಾಗಿದೆ ಎಂದರ್ಥ. ಒರಳಿಗೆ ಉಳಿ ಹೊಡೆಸಿದಂತೆ ಇದಕ್ಕೆ ಬೀದಿಯಲ್ಲಿ ಕೂತು ಹೊಡೆಸಬೇಡಿ. ತಳದ ಬಿಲ್ಲೆ ಅಂಟಿನಿಂದ ಕೂತದ್ದು, ಏಟಿಗೆ ಅಂಟು ಬಿಟ್ಟರೆ ಡ್ರಮ್ಮೇ ಹೋಯಿತು. ಗುಂಡಿನ ಸೆಟ್ ಮಾತ್ರ ಬದಲಿಸುವುದು ಲೇಸು.

ತೊಳೆಯುವುದರಲ್ಲಿ ಒಂದು ಜಾಣತನವಿದೆ: ಹಿಟ್ಟು ತೆಗೆದ ಕೂಡಲೇ ಒಂದು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸಿ. ಆ ನೀರನ್ನೇ ಹಿಟ್ಟು ತೆಳು ಮಾಡಲು ಬಳಸಬಹುದು, ಉಜ್ಜುವ ಕೆಲಸ ಅರ್ಧವಾಗುತ್ತದೆ. ಗುಂಡುಗಳನ್ನು ಬಿಚ್ಚಿ ತೂತಿನ ಒಳಗೂ ಬಾಟಲಿ ಬ್ರಷ್ ಆಡಿಸಿ, ಗಾಳಿಯಾಡುವಲ್ಲಿ ಒಣಗಲು ಬಿಡಿ. ಹುಳಿ ವಾಸನೆ ಅಲ್ಲಿಂದಲೇ ಹುಟ್ಟುವುದು. ಮೋಟಾರಿರುವ ಭಾಗವನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಒದ್ದೆ ಬಟ್ಟೆ ಸಾಕು.

ಹೊರದೇಶಕ್ಕೆ ಒಯ್ಯುವವರು ತಳದ ಲೇಬಲ್ ಓದಲೇಬೇಕು. ಬ್ರಿಟನ್ ಮತ್ತು ದುಬೈನಲ್ಲಿ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಬದಲಿಸಿದರೆ ಸಾಕು. ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜು ಏರಿಸಬಹುದು, ಆದರೆ ಅಲ್ಲಿನ 60 ಹರ್ಟ್ಸ್ ಹಾಗೆಯೇ ಉಳಿಯುತ್ತದೆ. ಮೋಟಾರು ಐದನೇ ಒಂದು ಪಾಲು ಹೆಚ್ಚು ವೇಗದಲ್ಲಿ ಓಡಲು ಹೋಗುತ್ತದೆ, ಹಿಟ್ಟನ್ನು ಗೋಡೆಗೆ ಎರಚುತ್ತದೆ. ಅಲ್ಲಿಗೆಂದೇ ಮಾಡಿದ 110 ವೋಲ್ಟಿನ ಮಾಡೆಲ್ ಕೊಳ್ಳಿ. ಅಲ್ಲಿನ ಮನೆಮಟ್ಟದ ಚಾಕೊಲೇಟ್ ತಯಾರಕರು ಕೋಕೋ ಬೀಜ ಅರೆಯಲು ಇದೇ ಜಾತಿಯ ಗ್ರೈಂಡರ್ ಬಳಸುತ್ತಾರೆ, ಒಮ್ಮೆ ಶುರು ಮಾಡಿದರೆ ಇಡೀ ದಿನ ಓಡಿಸುತ್ತಾರೆ. ಅಷ್ಟು ಹೊತ್ತು ಓಡಲೆಂದು ಅವರು ಕೊಳ್ಳುವ ಮಾಡೆಲಿನ ಮೋಟಾರು, ಬೆಲ್ಟುಗಳೇ ಬೇರೆ. ನಿಮ್ಮ ಅಡುಗೆಮನೆಯ ಎರಡು ಲೀಟರಿನದರಲ್ಲಿ ಅದನ್ನು ಪ್ರಯತ್ನಿಸಿದರೆ ಮೊದಲು ಕರಗುವುದು ಬೆಲ್ಟು, ಚಾಕೊಲೇಟಲ್ಲ.