ಸ್ಟಿಫಾಡೋ ಮೂರು ಸಲ ಮಾಡಿ ನೋಡಿದೆ: ಕುಕ್ಕರ್, ಪಾತ್ರೆ, ಮಣ್ಣಿನ ಮಡಕೆ

ಗ್ರೀಸಿನ ಪಿರೇಯಸ್‌ಗೆ ಕೆಲಸಕ್ಕೆ ಬಂದು ಇದು ಎರಡನೇ ಚಳಿಗಾಲ. ಚಳಿ ಶುರುವಾದ ಕೂಡ್ಲೇ ಭಾನುವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ದಾಲ್ಚಿನ್ನಿ, ವಿನೆಗರ್, ನೀರುಳ್ಳಿ ಮೂರೂ ಸೇರಿದ ಒಂದು ಪರಿಮಳ ಬರ್ತದೆ, ಮೊದಲನೇ ಸಲ ಬಂದಾಗ ಮಂಗಳೂರಿನ ನಮ್ಮ ಮನೆಯ ಕ್ರಿಸ್ಮಸ್ ಅಡಿಗೆ ನೆನಪಾಗಿ ಎರಡು ನಿಮಿಷ ಅಲ್ಲೇ ನಿಂತುಬಿಟ್ಟಿದ್ದೆ. ಕೆಳಗಿನ ಮನೆಯ ಕಿರಿಯಾ ಮಾಡ್ತಿದ್ದದ್ದು ಅದು, ಬೀಫ್ ಸ್ಟಿಫಾಡೋ, ಮಾಂಸ, ನೀರುಳ್ಳಿ ಹಾಕಿ ನಿಧಾನ ಬೇಯಿಸುವ ಗ್ರೀಕ್ ಅಡಿಗೆ. (ಕಿರಿಯಾ ಅಂದ್ರೆ ಚಿಕ್ಕವರು ಅಲ್ಲ ಮಾರ್ರೆ, ಇಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಹಾಗೆ ಕರೀತಾರೆ, ನಮ್ಮ ಕಿರಿಯಾಗೆ ಎಪ್ಪತ್ತು ದಾಟಿದೆ.)

ಹೆಸರು ಇಟಲಿಯ ಸ್ಟುಫಾಟೋದಿಂದ ಬಂದದ್ದು. ಮೊಲ, ಆಕ್ಟೋಪಸ್‌ನಲ್ಲೂ ಮಾಡ್ತಾರೆ. ಆದ್ರೆ ಸ್ಟಿಫಾಡೋ ಅಂದ್ರೆ ಮುಖ್ಯ ಮಾಂಸ ಅಲ್ಲ, ನೀರುಳ್ಳಿ. ಕಿರಿಯಾ ಹೇಳಿದ ಮೊದಲ ಮಾತೇ ಅದು: ಮಾಂಸ ಎಷ್ಟೋ ನೀರುಳ್ಳಿ ಅಷ್ಟು. ಅದೂ ಹೆಚ್ಚಿದ್ದಲ್ಲ, ಸಾಂಬಾರ್ ಈರುಳ್ಳಿಗಿಂತ ಸ್ವಲ್ಪ ದೊಡ್ಡದು, ಇಡೀ ಇಡೀ. ಕೊನೆಗೆ ಬೆಣ್ಣೆ ಹಾಗೆ ಬೆಂದಿರ್ಬೇಕು, ಆದ್ರೆ ಒಂದೂ ಒಡೆದಿರ್ಬಾರ್ದು.

ಮೂರು ಸಲವೂ ಅಳತೆ ಒಂದೇ ಇಟ್ಟೆ. ಮಾಂಸ 1 ಕೆಜಿ, ನೀರುಳ್ಳಿ 1 ಕೆಜಿ, ಒಂದು ಗ್ಲಾಸ್ ರೆಡ್ ವೈನ್ (ನೆಮಿಯಾ ಕಡೆಯದ್ದು), 3 ಚಮಚ ವಿನೆಗರ್, 400 ಗ್ರಾಂ ಟೊಮೆಟೊ ಡಬ್ಬಿ, ಧಾರಾಳ ಆಲಿವ್ ಎಣ್ಣೆ, ಒಂದು ತುಂಡು ದಾಲ್ಚಿನ್ನಿ, 3 ಲವಂಗ, 6 ಕಾಳು ಆಲ್‌ಸ್ಪೈಸ್, ಎರಡು ದಾಫ್ನಿ ಎಲೆ (ಇಂಗ್ಲಿಷಿನ ಬೇ ಲೀಫ್). ಈ ಎಲೆ ನಮ್ಮ ಪಲಾವ್ ಎಲೆ ಅಲ್ಲ, ನಮ್ಮದ್ರಲ್ಲಿ ಉದ್ದಕ್ಕೆ ಮೂರು ನರ ಇರ್ತದೆ, ವಾಸನೆ ದಾಲ್ಚಿನ್ನಿಯದ್ದು, ಇದು ಬೇರೆಯೇ ಜಾತಿ. ಮಾಂಸದ ಅಂಗಡಿಯವ ಪೊಂಡಿಕಿ ತಗೊಳ್ಳಿ ಅಂದ, ಪೊಂಡಿಕಿ ಅಂದ್ರೆ ಇಲಿ ಅಂತ ನಂಗೆ ಗೊತ್ತಿತ್ತು, ಒಂದು ಕ್ಷಣ ಹೆದರಿದೆ, ಆಮೇಲೆ ನೋಡಿದ್ರೆ ಕಾಲಿನ ಭಾಗದ ಮಾಂಸಕ್ಕೇ ಹಾಗೆ ಹೇಳೋದು. ನಡುವೆ ಅಂಟು ಅಂಟು ನಾರು ಇರ್ತದೆ, ನಿಧಾನ ಬೆಂದ್ರೆ ಅದೇ ಕರಗಿ ಗ್ರೇವಿ ದಪ್ಪ ಆಗ್ತದೆ.

ಮೊದಲು ಕುಕ್ಕರ್, ಮತ್ತೆಂಥ. ಊರಿಂದ ಸೂಟ್‌ಕೇಸಲ್ಲಿ ಹೊತ್ತು ತಂದ 5 ಲೀಟರಿಂದು. ಮಾಂಸ ಹುರಿದು, ಎಲ್ಲ ಒಟ್ಟಿಗೆ ಹಾಕಿ, ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 35 ನಿಮಿಷ. ಮುಚ್ಚಳ ತೆಗೆದ್ರೆ ಮಾಂಸ ಪರ್ಫೆಕ್ಟ್, ಆದ್ರೆ ನೀರುಳ್ಳಿ ಎಲ್ಲಿ? ಸಿಪ್ಪೆ ಸಿಪ್ಪೆಯಾಗಿ ತೇಲ್ತಾ ಇತ್ತು. ಒಂದು ಕೆಜಿ ನೀರುಳ್ಳಿ ಕಣ್ಣೀರು ಹಾಕ್ಕೊಂಡು ಸುಲಿದದ್ದು ಯಾಕೆ ಅಂತ ಆಯ್ತು. ಇನ್ನೊಂದು, ಕುಕ್ಕರಲ್ಲಿ ಆವಿ ಹೊರಗೆ ಹೋಗೋದು ಕಮ್ಮಿ ಅಲ್ವಾ, ಸಾರು ನೀರು ನೀರು, ವೈನಿನ ಹಸಿ ವಾಸನೆ ಹಾಗೇ ಉಳಿದಿತ್ತು. ತಿಂದೆ, ಚೆನ್ನಾಗಿತ್ತು, ಆದ್ರೆ ಅದು ಬೀಫ್ ಸಾರು, ಸ್ಟಿಫಾಡೋ ಅಲ್ಲ.

ಎರಡನೇ ಸಲ ದಪ್ಪ ತಳದ ಪಾತ್ರೆ, ಒಲೆ ಮೇಲೆ, ಒಟ್ಟು ಎರಡೂವರೆ ಗಂಟೆ. ಈ ಸಲ ಕಿರಿಯಾನ ಹತ್ರ ಸರಿಯಾಗಿ ಕೇಳಿಕೊಂಡು ಬಂದಿದ್ದೆ. ನೀರುಳ್ಳಿ ಬಿಸಿನೀರಲ್ಲಿ ಹತ್ತು ನಿಮಿಷ ಹಾಕಿಟ್ರೆ ಸಿಪ್ಪೆ ಬೆರಳಲ್ಲೇ ಜಾರಿ ಬರ್ತದೆ (ಇದನ್ನು ಮೊದಲೇ ಹೇಳ್ಬಾರ್ದಿತ್ತಾ). ಅದನ್ನು ಬೇರೆ ಎಣ್ಣೆಯಲ್ಲಿ ಕೆಂಪಾಗುವಷ್ಟು ಹುರಿದು ತೆಗೆದಿಟ್ಟು, ಮಾಂಸ ಅರ್ಧಕ್ಕಿಂತ ಜಾಸ್ತಿ ಬೆಂದ ಮೇಲೆ ಹಾಕೋದು, ಮತ್ತೆ ಸೌಟು ಮುಟ್ಟಲೇ ಬಾರದು, ಎರಡು ಕಿವಿ ಹಿಡಿದು ಪಾತ್ರೆಯನ್ನೇ ಅಲ್ಲಾಡಿಸ್ಬೇಕು. ವಿನೆಗರ್, ಟೊಮೆಟೊದ ಹುಳಿಯೂ ನೀರುಳ್ಳಿ ಬೇಗ ಕರಗದ ಹಾಗೆ ಹಿಡಿದಿಡ್ತದೆ. ಒಂದೂ ಒಡೀಲಿಲ್ಲ! ಗ್ರೇವಿ ಚಮಚಕ್ಕೆ ಅಂಟುವಷ್ಟು ದಪ್ಪ. ತೊಂದರೆ ಅಂದ್ರೆ ಅಲ್ಲೇ ನಿಲ್ಬೇಕು, ನಾನು ಅಮ್ಮನ ಜೊತೆ ಫೋನಲ್ಲಿ ಮಾತಾಡ್ತಾ ಹದಿನೈದು ನಿಮಿಷ ಮರೆತದ್ದಕ್ಕೆ ತಳ ಸ್ವಲ್ಪ ಹಿಡೀತು.

ಮೂರನೇದು ಗಾಸ್ತ್ರ, ಮುಚ್ಚಳ ಇರುವ ಮಣ್ಣಿನ ಪಾತ್ರೆ, ಕಿರಿಯಾನದ್ದೇ. ಹುರಿದ ಮಾಂಸ, ನೀರುಳ್ಳಿ, ಮಸಾಲೆ ಎಲ್ಲ ತುಂಬಿಸಿ, ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿ, ನಮ್ಮ ದಮ್ ಬಿರಿಯಾನಿ ಹಾಗೆ, ಓವನ್‌ನಲ್ಲಿ 160 ಡಿಗ್ರಿ, 3 ಗಂಟೆ. ರುಚಿ ಬಗ್ಗೆ ಮಾತೇ ಇಲ್ಲ, ಮಾಂಸ ಫೋರ್ಕ್ ಇಟ್ರೆ ಬಿಡ್ತದೆ, ನೀರುಳ್ಳಿ ಒಳಗೆ ಜಾಮ್, ಹೊರಗೆ ಇಡೀ. ಆದ್ರೆ ಹಿಟ್ಟು ಮೆತ್ತಿದ ಮೇಲೆ ರುಚಿ ನೋಡ್ಲಿಕ್ಕೆ ಆಗೋದಿಲ್ಲ, ನಂದ್ರಲ್ಲಿ ಉಪ್ಪು ಕಮ್ಮಿ, ವಿನೆಗರ್ ಒಂದು ಗೆರೆ ಮುಂದೆ ಇತ್ತು. ಮೂರು ಗಂಟೆ ಓವನ್ ಓಡಿದ್ರೆ ಕರೆಂಟ್ ಬಿಲ್ ಬೇರೆ ನೆನಪಾಗ್ತದೆ. ಮಾರನೇ ದಿನ ಬಿಸಿ ಮಾಡಿ ತಿಂದಾಗ ಆ ಹುಳಿ ಇಳಿದು ಹದಕ್ಕೆ ಬಂದಿತ್ತು, ನಿನ್ನೆಯ ಮೀನು ಸಾರಿನ ಹಾಗೆಯೇ, ಬ್ರೆಡ್ಡಲ್ಲಿ ಪ್ಲೇಟ್ ಒರೆಸಿ ತಿಂದೆ.

ನೆಂಟರು ಬರ್ತಾರೆ ಅಂದ್ರೆ ನಾನು ಹಿಂದಿನ ದಿನವೇ ಗಾಸ್ತ್ರದಲ್ಲಿ ಮಾಡಿಡ್ತೇನೆ. ಮಾಮೂಲಿ ಭಾನುವಾರಕ್ಕೆ ಒಲೆ ಮೇಲಿನ ಪಾತ್ರೆಯೇ, ಮಧ್ಯೆ ಮಧ್ಯೆ ರುಚಿ ನೋಡಿ ಸರಿ ಮಾಡ್ಬಹುದಲ್ಲ. ಆಫೀಸ್ ಇರೋ ದಿನ ತಿನ್ಬೇಕು ಅನ್ನಿಸಿದ್ರೆ ಒಂದು ಕಳ್ಳದಾರಿ ಉಂಟು: ಮಾಂಸ, ಮಸಾಲೆ ಮಾತ್ರ ಕುಕ್ಕರಲ್ಲಿ 25 ನಿಮಿಷ, ಆಮೇಲೆ ಅಗಲ ಪಾತ್ರೆಗೆ ಸುರಿದು ಹುರಿದ ನೀರುಳ್ಳಿ ಹಾಕಿ ಮುಚ್ಚಳ ಓರೆ ಇಟ್ಟು 40 ನಿಮಿಷ. ಕಳೆದ ವಾರ ಹಾಗೆ ಮಾಡಿದ್ದನ್ನು ಒಂದು ಡಬ್ಬಿ ಕೆಳಗೆ ಕೊಟ್ಟು ಬಂದೆ. ಡಬ್ಬಿ ತೊಳೆದು ವಾಪಸ್ ಬಂತು, ಒಳಗೆ ನಾಲ್ಕು ಕಿತ್ತಳೆ. ಕುಕ್ಕರ್ ವಿಷಯ ನಾನು ಹೇಳ್ಲಿಲ್ಲ.