ಪೆಟ್ಟಿಗೆಯೋ ಬರಿಗೈಯೋ: ಫೋನಿನಲ್ಲಿ ವಿಆರ್ ಸುದ್ದಿ ನೋಡಿದ ಮೇಲೆ

ವಿಆರ್ (ವರ್ಚುವಲ್ ರಿಯಾಲಿಟಿ) ಸುದ್ದಿಚಿತ್ರ ಅಂದರೆ ನಾವು ಎತ್ತ ತಿರುಗಿದರೆ ಅತ್ತಲಿನದು ಕಾಣುವ 360 ಡಿಗ್ರಿ ಚಿತ್ರ. ಅದನ್ನು ಫೋನಿನಲ್ಲಿ ನೋಡಲು ಮೂರು ದಾರಿಗಳಿವೆ. ಫೋನನ್ನು ಬರಿಗೈಯಲ್ಲಿ ಹಿಡಿದು ಸುತ್ತ ತಿರುಗಿಸುವುದು ಒಂದು. ಗೂಗಲ್ ಕಾರ್ಡ್‌ಬೋರ್ಡ್ ತರಹದ ಪೆಟ್ಟಿಗೆಯೊಳಗೆ ಫೋನ್ ಸಿಕ್ಕಿಸಿ ಕಣ್ಣಿಗೆ ಹಿಡಿಯುವುದು ಇನ್ನೊಂದು. ಮೂರನೆಯದು ಸ್ಯಾಮ್‌ಸಂಗ್ ಗೇರ್ ವಿಆರ್. ಅದೂ ಫೋನ್ ಸಿಕ್ಕಿಸಿ ತಲೆಗೆ ಕಟ್ಟಿಕೊಳ್ಳುವ ಪೆಟ್ಟಿಗೆಯೇ, ಈಗ ಹಳೇ ಸಾಮಾನು. ಮೂರನ್ನೂ ಬಳಸಿದ್ದೇನೆ. ಒಂದೇ ಚಿತ್ರವನ್ನು ಪೆಟ್ಟಿಗೆಯಲ್ಲೂ ನೋಡಿ, ಬರಿಗೈಯಲ್ಲೂ ನೋಡಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಸುದ್ದಿಗೆ ಬರಿಗೈಯೇ ವಾಸಿ. ಪೆಟ್ಟಿಗೆಯೇ ಬೇಕು ಅನ್ನಿಸಿದ ಚಿತ್ರ ಒಂದೇ ಒಂದು.

ಈ ಭರಾಟೆ ಶುರುವಾದದ್ದೇನೋ ಪೆಟ್ಟಿಗೆಯಿಂದಲೇ. 2014ರಲ್ಲಿ ಗೂಗಲ್ ಕಾರ್ಡ್‌ಬೋರ್ಡ್ ಹೊರಬಂತು. ಒಂದು ರಟ್ಟು, ಎರಡು ಲೆನ್ಸ್, ಹೆಚ್ಚುಕಡಿಮೆ ಅಷ್ಟೇ. 2015ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಚಂದಾದಾರರಿಗೆ ಪೇಪರಿನ ಜೊತೆ 10 ಲಕ್ಷಕ್ಕೂ ಜಾಸ್ತಿ ಪೆಟ್ಟಿಗೆ ಹಂಚಿತು. ಮರುವರ್ಷ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯೂ ಇದಕ್ಕೆ ಕೈಹಾಕಿತು. ನಮ್ಮಲ್ಲೂ ಮೀಮೆಸಿಸ್ ಕಲ್ಚರ್ ಲ್ಯಾಬ್‌ನವರು ‘ಎಲ್ಸ್‌ವಿಆರ್’ ಅಂತ ವಿಆರ್ ಸುದ್ದಿಚಿತ್ರಗಳ ವೇದಿಕೆ ಶುರು ಮಾಡಿದರು. 2017ರಲ್ಲಿ ಅಲ್ ಜಜೀರಾ ಇದಕ್ಕೇ ಒಂದು ಸ್ಟುಡಿಯೋ ತೆರೆಯಿತು. ಆಮೇಲೆ ಅಬ್ಬರ ಇಳಿಯಿತು. 2021ರಲ್ಲಿ ಗೂಗಲ್ ಕಾರ್ಡ್‌ಬೋರ್ಡ್ ಮಾರುವುದನ್ನೇ ನಿಲ್ಲಿಸಿತು. ಆದರೆ ಆಗ ಮಾಡಿದ ಒಳ್ಳೆಯ ಚಿತ್ರಗಳಲ್ಲಿ ಬಹಳಷ್ಟು ಯೂಟ್ಯೂಬ್‌ನಲ್ಲಿ ಇನ್ನೂ ಇವೆ. ಎಸ್‌ಪಿ ರೋಡ್‌ನಲ್ಲಿ ಕೇಳಿದರೆ ಪ್ಲಾಸ್ಟಿಕ್ ಪೆಟ್ಟಿಗೆಯೂ ಸಿಗುತ್ತದೆ. ಹಾಗಾಗಿ ಹೇಗೆ ನೋಡಬೇಕು ಅನ್ನುವ ಪ್ರಶ್ನೆ ಈಗಲೂ ಇದೆ.

ಮೊದಲು ಪೆಟ್ಟಿಗೆಯ ಕತೆ. ನಾನು ಕನ್ನಡಕದವನು. ಅಗ್ಗದ ಪೆಟ್ಟಿಗೆಗಳಲ್ಲಿ ಕನ್ನಡಕಕ್ಕೆ ಜಾಗವೇ ಇರುವುದಿಲ್ಲ. ತೆಗೆದರೆ ಮಸುಕು, ಹಾಕಿಕೊಂಡರೆ ಮೂಗಿನ ಮೇಲೆ ಗೀರು. ಕಾರ್ಡ್‌ಬೋರ್ಡಿನ ಎರಡನೇ ಮಾದರಿಯನ್ನು 6 ಇಂಚಿನವರೆಗಿನ ಫೋನುಗಳಿಗೆ ಮಾಡಿದ್ದರು. ಈಗಿನ ಬಹಳಷ್ಟು ಫೋನುಗಳು ಆರೂವರೆ ಇಂಚು ದಾಟಿವೆ. ತುರುಕಿದರೆ ಬದಿಯ ಬಟನ್ ಒತ್ತಿಹೋಗಿ ಸೌಂಡ್ ತಾನಾಗಿ ಏರುತ್ತದೆ, ಇಳಿಯುತ್ತದೆ. ಮಧ್ಯದಲ್ಲಿ ವಾಟ್ಸಾಪ್ ಮೆಸೇಜ್ ಬಂದರೆ ಕಣ್ಣಿನ ಮುಂದೆಯೇ ಪಟ್ಟಿ ಇಳಿಯುತ್ತದೆ. ಅದನ್ನು ಸರಿಸಬೇಕೆಂದರೆ ಫೋನನ್ನು ಹೊರಗೆ ತೆಗೆಯಬೇಕು. ಸ್ವಲ್ಪ ಹೊತ್ತಿಗೆ ಫೋನ್ ಬಿಸಿ. ಹಣೆಯೂ ಬಿಸಿ.

ಪಟ್ಟಿ ಕಟ್ಟಿ ತಲೆಗೆ ಬಿಗಿಯುವ ಪೆಟ್ಟಿಗೆಯೇ ಮೇಲು ಅಂತ ಅಂಗಡಿಯವರು ಹೇಳುತ್ತಾರೆ. ಗೂಗಲ್‌ನವರು ಉಲ್ಟಾ ಹೇಳಿದ್ದರು. ಕಾರ್ಡ್‌ಬೋರ್ಡಿಗೆ ಬೇಕೆಂದೇ ಪಟ್ಟಿ ಇಟ್ಟಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡರೆ ಕತ್ತು ಒಂದೇ ತಿರುಗುವುದಿಲ್ಲ, ಮೈಯೂ ಜೊತೆಗೆ ತಿರುಗಬೇಕು. ಮೈ ತಿರುಗುವುದು ನಿಧಾನ. ತಲೆಯ ವೇಗಕ್ಕೆ ಸರಿಸಾಟಿಯಾಗದೆ ಚಿತ್ರ ಹಿಂದೆ ಬೀಳುವುದು ಕಡಿಮೆಯಾಗುತ್ತದೆ, ತಲೆಸುತ್ತೂ ಕಡಿಮೆ. ಎರಡು ತರಹದ್ದನ್ನೂ ಬಳಸಿದ ಮೇಲೆ ಗೂಗಲ್ ಹೇಳಿದ್ದೇ ಸರಿ ಅನ್ನುತ್ತೇನೆ. ಪಟ್ಟಿ ಇರುವುದು ನೋಡಲಿಕ್ಕೆ ಗಟ್ಟಿ, ಹೊಟ್ಟೆ ತೊಳಸುವುದೂ ಅದರಲ್ಲೇ ಬೇಗ.

ಇದೆಲ್ಲಕ್ಕಿಂತ ದೊಡ್ಡ ಕೊರತೆ ಚಿತ್ರದ ಸ್ಪಷ್ಟತೆ. 4ಕೆ ವಿಡಿಯೋ ಅಂದರೆ ಅಡ್ಡಕ್ಕೆ 3,840 ಚುಕ್ಕೆಗಳು (ಪಿಕ್ಸೆಲ್). ಟಿವಿಯಲ್ಲಾದರೆ ಅಷ್ಟೂ ನಿಮ್ಮ ಎದುರಿಗೇ ಇರುತ್ತವೆ. 360 ಡಿಗ್ರಿ ಚಿತ್ರದಲ್ಲಿ ಅವು ಸುತ್ತಲೂ ಹಂಚಿಹೋಗುತ್ತವೆ, ನಿಮ್ಮ ಬೆನ್ನ ಹಿಂದಿರುವುದೂ ಸೇರಿ. ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಕಾಣುವುದು ಸುಮಾರು 90 ಡಿಗ್ರಿ. ಅಂದರೆ ಪಾಲಿಗೆ ಬರುವುದು 960 ಚುಕ್ಕೆ. ಅದನ್ನೇ ಲೆನ್ಸ್ ಹಿಗ್ಗಿಸಿ ಕಣ್ಣಿನ ತುಂಬ ತೋರಿಸುತ್ತದೆ. ಸೊಳ್ಳೆ ಪರದೆಯ ಆಚೆಯಿಂದ ನೋಡಿದ ಹಾಗೆ ಕಾಣುತ್ತದೆ. ಸುದ್ದಿಚಿತ್ರದಲ್ಲಿ ಮುಖ ಕಾಣಬೇಕು, ಗೋಡೆ ಮೇಲಿನ ಬರಹ ಓದಬೇಕು. ಅದೇ ಆಗುವುದಿಲ್ಲ. ಬರಿಗೈಯಲ್ಲಿ ಅದೇ ಚಿತ್ರ ಸಣ್ಣ ಪರದೆಯಲ್ಲಿ, ಒಂದು ಅಡಿ ದೂರದಲ್ಲಿ ಇರುವುದರಿಂದ ಚೊಕ್ಕವಾಗಿ ಕಾಣುತ್ತದೆ. ಒಂದು ಕಿವಿಮಾತು: ಯೂಟ್ಯೂಬ್ ತಾನಾಗಿ ಕಡಿಮೆ ಕ್ವಾಲಿಟಿ ಆರಿಸಿಕೊಂಡುಬಿಡುತ್ತದೆ. ಸೆಟ್ಟಿಂಗ್‌ಗೆ ಹೋಗಿ 2160 ಅಂತ ಒತ್ತಿ. ವೈಫೈ ಇದ್ದರೆ ಮಾತ್ರ.

ಗೇರ್ ವಿಆರ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಆಗ ಸ್ನೇಹಿತನ ಹತ್ತಿರ ಇತ್ತು. ಪೆಟ್ಟಿಗೆಗಳಲ್ಲಿ ಅದೇ ಚೆನ್ನಾಗಿತ್ತು. ಅದರೊಳಗೇ ಸ್ವಂತ ಸೆನ್ಸರ್ ಇದ್ದದ್ದರಿಂದ ತಲೆ ತಿರುಗಿಸಿದ ಕೂಡಲೇ ಚಿತ್ರವೂ ತಿರುಗುತ್ತಿತ್ತು. ಫೋಕಸ್ ಸರಿಮಾಡುವ ಚಕ್ರವಿತ್ತು, ನಾನು ಕನ್ನಡಕ ತೆಗೆದು ನೋಡಬಹುದಿತ್ತು. ಆದರೆ ಕೆಲವು ಗ್ಯಾಲಕ್ಸಿ ಫೋನುಗಳಿಗೆ ಮಾತ್ರ ಹೊಂದುತ್ತಿತ್ತು. 2019ರ ನೋಟ್ 10 ಬಂದಾಗ ಸ್ಯಾಮ್‌ಸಂಗ್ ಅದನ್ನೂ ಕೈಬಿಟ್ಟಿತು. ಸೆಕೆಂಡ್ ಹ್ಯಾಂಡ್ ಸಿಕ್ಕಿದರೂ ಕೊಳ್ಳಬೇಡಿ.

ಇನ್ನು ಚಿತ್ರಗಳಿಗೆ ಬರೋಣ. ನ್ಯೂಯಾರ್ಕ್ ಟೈಮ್ಸ್ ಪೆಟ್ಟಿಗೆ ಹಂಚಿದ್ದು ‘ದಿ ಡಿಸ್‌ಪ್ಲೇಸ್ಡ್’ ಚಿತ್ರಕ್ಕಾಗಿ. ಯುದ್ಧದಿಂದ ಊರು ಬಿಟ್ಟ ಮೂವರು ಮಕ್ಕಳ ಕತೆ. ಉಕ್ರೇನಿನ ಒಲೆಗ್, ದಕ್ಷಿಣ ಸುಡಾನಿನ ಚುವೋಲ್, ಸಿರಿಯಾದಿಂದ ಲೆಬನಾನಿಗೆ ಬಂದ ಹನಾ. ದಕ್ಷಿಣ ಸುಡಾನಿನಲ್ಲಿ ವಿಮಾನದಿಂದ ಆಹಾರದ ಮೂಟೆಗಳನ್ನು ಬೀಳಿಸುವ ದೃಶ್ಯವಿದೆ. ಮೊದಲು ಸದ್ದು ಕೇಳುತ್ತದೆ. ಎಲ್ಲಿಂದ ಅಂತ ಹುಡುಕಬೇಕು. ತಲೆ ಎತ್ತಿದರೆ ವಿಮಾನ, ಆಮೇಲೆ ಮೂಟೆಗಳು, ಆಮೇಲೆ ಓಡುವ ಜನ. ಇದು ಟಿವಿಯಲ್ಲಿ ಆಗದ ಕೆಲಸ, ಒಪ್ಪಲೇಬೇಕು. ಆದರೆ ಬರಿಗೈಯಲ್ಲಿ ಫೋನನ್ನು ಮೇಲಕ್ಕೆತ್ತಿ ಹುಡುಕಿದಾಗಲೂ ಅದೇ ಮಜಾ, ಅದೇ ಗಾಬರಿ ಆಯಿತು. ಪೆಟ್ಟಿಗೆ ಸೇರಿಸಿದ್ದು ಕತ್ತು ನೋವು ಮಾತ್ರ.

ಮಕ್ಕಳು ಅವರವರ ಭಾಷೆಯಲ್ಲಿ ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಸಾಲು. ನಮಗೆ ಎರಡೂ ಪರಭಾಷೆ ತಾನೆ? ಪೆಟ್ಟಿಗೆಯಲ್ಲಿ ಆ ಸಾಲು ಓದುವುದು ತ್ರಾಸ. ಓದುತ್ತಿದ್ದರೆ ಸುತ್ತ ನೋಡುವಂತಿಲ್ಲ, ಸುತ್ತ ನೋಡಿದರೆ ಸಾಲು ತಪ್ಪುತ್ತದೆ. 360 ಚಿತ್ರದಲ್ಲಿ ಸಬ್‌ಟೈಟಲ್ ಎಲ್ಲಿಡಬೇಕು ಅಂತ ಬಿಬಿಸಿಯ ಸಂಶೋಧನಾ ವಿಭಾಗದವರು ನಾಲ್ಕು ರೀತಿ ಪರೀಕ್ಷಿಸಿದ್ದರು. ತಲೆ ತಿರುಗಿದ ಕಡೆಗೆ ಸಾಲೂ ಬರುವ ರೀತಿಯೇ ಜನಕ್ಕೆ ಹೆಚ್ಚು ಹಿಡಿಸಿತು. ಬರಿಗೈಯಲ್ಲಿ ಆ ಗೋಜೇ ಇಲ್ಲ. ನಿಲ್ಲಿಸಿ, ಓದಿ, ಮತ್ತೆ ಬಿಡಬಹುದು. ಪಕ್ಕದಲ್ಲಿ ಅಮ್ಮ ಕೂತಿದ್ದರೆ ಅವರಿಗೆ ಕನ್ನಡದಲ್ಲಿ ಹೇಳುತ್ತಲೂ ಇರಬಹುದು. ಪೆಟ್ಟಿಗೆ ಒಬ್ಬರಿಗೇ. ಪೇಪರ್ ಓದುವಾಗಲೂ ಸುದ್ದಿಯನ್ನು ಪಕ್ಕದವರಿಗೆ ಹೇಳುತ್ತಾ ಓದುವ ಜನ ನಾವು.

ಬಿಬಿಸಿಯ ‘ಡ್ಯಾಮಿಂಗ್ ದಿ ನೈಲ್’ 2018ರದ್ದು. ನೀಲ ನೈಲ್ ನದಿಗೆ ಇಥಿಯೋಪಿಯಾ ಕಟ್ಟುತ್ತಿದ್ದ ದೊಡ್ಡ ಅಣೆಕಟ್ಟು, ಕೆಳಗೆ ನೀರಿಗಾಗಿ ಕಾಯುವ ಈಜಿಪ್ಟ್. ಮೇಲಿನವರು, ಕೆಳಗಿನವರು, ಯಾರಿಗೆಷ್ಟು ನೀರು? ಕಾವೇರಿ ಗಲಾಟೆ ನೋಡಿ ಬೆಳೆದವರಿಗೆ ಪೀಠಿಕೆಯೇ ಬೇಡ. ಇದರಲ್ಲಿ ವರದಿಗಾರ ಅಲಸ್ಟೇರ್ ಲೀಟ್‌ಹೆಡ್ ನಮ್ಮ ಜೊತೆಯಲ್ಲೇ ನಿಂತು ಮಾತಾಡುತ್ತಾರೆ. ನನಗೆ ಇದು ಹಿಡಿಸಿತು. ಬೇರೆ ಕಡೆ ಕ್ಯಾಮೆರಾದವರು ಎಲ್ಲೋ ಅಡಗಿಕೊಂಡು, ಅಲ್ಲಿ ನಾವೇ ಒಬ್ಬರೇ ಇದ್ದೇವೆ ಅಂತ ನಂಬಿಸುತ್ತಾರೆ. ಇಲ್ಲಿ ಹೇಳುವವನು ಯಾರು ಅಂತ ಗೊತ್ತಿರುತ್ತದೆ, ಎತ್ತ ನೋಡಬೇಕು ಅಂತಲೂ ಗೊತ್ತಾಗುತ್ತದೆ. ಆಕಾಶದಿಂದ ತೆಗೆದ ಡ್ರೋನ್ ದೃಶ್ಯಗಳು ಮಾತ್ರ ಪೆಟ್ಟಿಗೆಯಲ್ಲಿ ಕಷ್ಟ. ಕಣ್ಣು ಹಾರುತ್ತಿರುತ್ತದೆ, ಮೈ ಕುರ್ಚಿಯಲ್ಲಿರುತ್ತದೆ. ಬರಿಗೈಯಲ್ಲಿ ಏನೂ ಆಗಲಿಲ್ಲ.

ಎಲ್ಸ್‌ವಿಆರ್‌ನ ‘ಕಾಸ್ಟ್ ಆಫ್ ಕೋಲ್’ ಫೈಝಾ ಖಾನ್ ಮಾಡಿದ್ದು. ಛತ್ತೀಸ್‌ಗಢದ ಕೊರ್ಬಾದಲ್ಲಿ ಕಲ್ಲಿದ್ದಲು ಗಣಿಗೆ ನೆಲ ಹೋದವರ ಕತೆ. ಗಣಿ ಎಷ್ಟು ದೊಡ್ಡದು, ಮನೆಗಳಿಗೆ ಎಷ್ಟು ಹತ್ತಿರ ಅನ್ನುವುದು ಸುತ್ತ ತಿರುಗಿದಾಗ ತಿಳಿಯುತ್ತದೆ. ನಾನು ಪೆಟ್ಟಿಗೆಯಲ್ಲಿ ಅರ್ಧ ನೋಡಿ ತೆಗೆದಿಟ್ಟು, ಉಳಿದದ್ದನ್ನು ಕೈಯಲ್ಲಿ ನೋಡಿದೆ. ಕಾರಣ ಸುಲಭ. ನಡುವೆ ನಿಲ್ಲಿಸಿ ಕೊರ್ಬಾ ಎಲ್ಲಿದೆ ಅಂತ ಮ್ಯಾಪ್ ನೋಡಬೇಕಿತ್ತು. ಸುದ್ದಿ ನೋಡುವಾಗ ಹೀಗೆ ಹತ್ತು ಪ್ರಶ್ನೆ ಏಳುತ್ತವೆ. ಪೆಟ್ಟಿಗೆ ಒಂದಕ್ಕೂ ಬಿಡುವು ಕೊಡುವುದಿಲ್ಲ.

ವಿಆರ್ ಅಂದರೆ ಕನಿಕರ ಹುಟ್ಟಿಸುವ ಯಂತ್ರ ಅಂತ 2015ರಲ್ಲಿ ವಿಆರ್ ಚಿತ್ರಗಳ ನಿರ್ದೇಶಕ ಕ್ರಿಸ್ ಮಿಲ್ಕ್ ಭಾಷಣ ಮಾಡಿದ ಮೇಲೆ ಆ ಮಾತು ಎಲ್ಲೆಡೆ ಓಡಾಡಿತು. ಇರಬಹುದು. ನನಗೆ ಕನಿಕರಕ್ಕಿಂತ ಮೊದಲು ಬೇಕಾದದ್ದು ವಿಷಯ.

ಇನ್ನು ಆ ಒಂದು ಚಿತ್ರ: ಗಾರ್ಡಿಯನ್‌ನ ‘6x9’, 2016ರದ್ದು. ಅಮೆರಿಕದ ಜೈಲುಗಳಲ್ಲಿ 80,000ದಿಂದ 1,00,000 ಜನ ಒಂಟಿ ಕೋಣೆಯಲ್ಲಿದ್ದಾರೆ ಅಂತ ಆಗ ಅವರು ಹೇಳಿದ್ದರು. ಆರು ಅಡಿ, ಒಂಬತ್ತು ಅಡಿ, ದಿನಕ್ಕೆ 22, 23 ಗಂಟೆ ಅದರೊಳಗೆ. ಕೋಣೆ ಕಂಪ್ಯೂಟರಿನಲ್ಲಿ ಕಟ್ಟಿದ್ದು, ದನಿಗಳು ಅಲ್ಲಿ ಇದ್ದು ಬಂದವರದ್ದು. ಬರಿಗೈಯಲ್ಲಿ ನೋಡಿದರೆ ಇದು ಸಪ್ಪೆ. ಫೋನಿನ ಅಂಚಿನಾಚೆ ನಮ್ಮ ಮನೆ ಕಿಟಕಿ, ಗಿಡ, ರಸ್ತೆ ಎಲ್ಲ ಕಾಣುತ್ತಿರುತ್ತದಲ್ಲ, ಸೆರೆ ಎಲ್ಲಿಂದ ಬರಬೇಕು? ಪೆಟ್ಟಿಗೆಯಲ್ಲಿ ಹೊರಗಿನದೆಲ್ಲ ಮುಚ್ಚಿಹೋಗುತ್ತದೆ. ಎತ್ತ ತಿರುಗಿದರೂ ಗೋಡೆ, ಕೈಗೆಟುಕುವಷ್ಟು ಹತ್ತಿರ. ದೂರದ ವಿವರ ಓದುವ ಅಗತ್ಯವೇ ಇಲ್ಲದ್ದರಿಂದ ಚುಕ್ಕೆಗಳ ಕೊರತೆ ಕಾಡಲಿಲ್ಲ. ಹೆಚ್ಚಿನ ಹೊತ್ತು ಕ್ಯಾಮೆರಾ ಕದಲುವುದಿಲ್ಲ, ಹಾಗಾಗಿ ತಲೆಸುತ್ತಿಲ್ಲ. ಒಂದೆಡೆ ಮೈ ಮೇಲಕ್ಕೆ ತೇಲಿದಂತೆ ಮಾಡುತ್ತಾರೆ, ಅಲ್ಲಿ ಮಾತ್ರ ಹೊಟ್ಟೆ ತೊಳಸಿತು. ಅಲ್ಲಿದ್ದವರಿಗೆ ಹಾಗೇ ಆಗುತ್ತಿತ್ತಂತೆ, ಅಂದಮೇಲೆ ದೂರುವಂತಿಲ್ಲ.

ಬರಿಗೈಗೂ ಕೊರತೆ ಇದೆ. ಬಸ್ಸಿನಲ್ಲಿ ನೋಡಲು ಹೋಗಬೇಡಿ. ಬಸ್ಸು ತಿರುವಿನಲ್ಲಿ ತಿರುಗಿದರೆ ಫೋನಿನ ಜೈರೋಸ್ಕೋಪ್, ಅಂದರೆ ತಿರುಗಿದ್ದನ್ನು ಅಳೆಯುವ ಸೆನ್ಸರ್, ನೀವೇ ತಿರುಗಿದಿರಿ ಅಂದುಕೊಳ್ಳುತ್ತದೆ. ಚಿತ್ರ ಬದಿಗೆ ಜಾರಿ, ಮಾತಾಡುತ್ತಿದ್ದವರು ಕಾಣೆಯಾಗುತ್ತಾರೆ. ಮನೆಯಲ್ಲಿ ತಿರುಗುವ ಕುರ್ಚಿ, ಕಿವಿಗೆ ಇಯರ್‌ಫೋನ್ ಇದ್ದರೆ ಸಾಕು. ಇಯರ್‌ಫೋನ್ ಇಲ್ಲದಿದ್ದರೆ ವಿಮಾನದ ಸದ್ದು ಬಂತೆಂದು ತಲೆ ಎತ್ತುವ ಸುಖವೇ ಇಲ್ಲ.

ಪೆಟ್ಟಿಗೆ ಕೊಳ್ಳುವ ಮನಸ್ಸಿದ್ದರೆ ಮೊದಲು ಒಂದು 360 ವಿಡಿಯೋ ಹಾಕಿ ಫೋನನ್ನು ಸುತ್ತ ತಿರುಗಿಸಿ. ಚಿತ್ರ ಕದಲದಿದ್ದರೆ ನಿಮ್ಮ ಫೋನಿನಲ್ಲಿ ಜೈರೋಸ್ಕೋಪ್ ಇಲ್ಲದಿರಬಹುದು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಇರುವುದಿಲ್ಲ. ಅಂಥ ಫೋನಿನಲ್ಲೂ ಬೆರಳಿನಿಂದ ಎಳೆದು ಎಲ್ಲ ನೋಡಬಹುದು. ಪೆಟ್ಟಿಗೆ ಮಾತ್ರ ತರಬೇಡಿ, ಅದರೊಳಗೆ ಬೆರಳು ಹೋಗುವುದಿಲ್ಲ.